ತೇಜಶ್ರೀಯ ಹದಿನೆಂಟು ನಿಮಿಷ

ಚಿನ್ನಪ್ಪನವರು ನಮ್ಮ ಮನೆಯ ಮೆಟ್ಟಿಲು ಹತ್ತುವ ಸದ್ದು ನನಗೆ ಚೆನ್ನಾಗಿ ಗೊತ್ತಿತ್ತು. ಬಲಗಾಲು ಊರಿ, ಎಡಗಾಲನ್ನು ಅದರ ಪಕ್ಕಕ್ಕೆ ಎಳೆದುಕೊಂಡು, ಒಂದು ಉಸಿರು ಬಿಟ್ಟು, ಮತ್ತೆ ಬಲಗಾಲು. ಅವರು ಐದನೇ ಮೆಟ್ಟಿಲಿನಲ್ಲಿರುವಾಗಲೇ ಮೊಮ್ಮಗಳು ತೇಜಶ್ರೀ ಮೇಲೆ ಬಂದು, ಚಪ್ಪಲಿ ಬಿಟ್ಟು, ಪೆನ್ಸಿಲ್ ಡಬ್ಬಿ ತೆರೆದು ಕೂತಿರುತ್ತಿದ್ದಳು. ಸಿ.ವಿ. ರಾಮನ್ ನಗರದ ನಮ್ಮ ಮನೆಯ ಮಹಡಿಯಲ್ಲಿ ಚಿಕ್ಕ ಮಕ್ಕಳಿಗೆ ನಾನು ಗಣಿತದ ಕ್ಲಾಸು ನಡೆಸುತ್ತೇನೆ. ಮಂಗಳವಾರ ಮತ್ತು ಶುಕ್ರವಾರ, ಸಂಜೆ ನಾಲ್ಕೂವರೆಗೆ. ಹತ್ತು ತಿಂಗಳಲ್ಲಿ ಆ ಮನುಷ್ಯ ಒಂದು ದಿನವೂ ತಡವಾಗಿ ಬಂದದ್ದಿಲ್ಲ. ಅವರ ಮನೆ ಇದ್ದದ್ದು ಕಗ್ಗದಾಸಪುರದಲ್ಲಿ. ರೈಲ್ವೆ ಗೇಟು ಬಿದ್ದರೆ ಕಷ್ಟ ಎಂದು ಅರ್ಧ ಗಂಟೆ ಮೊದಲೇ ಹೊರಟುಬಿಡುತ್ತಿದ್ದರು. ಗೇಟು ತೆರೆದಿದ್ದ ದಿನ ಬೇಗ ಬಂದು ಕೆಳಗೆ ಕಾಂಪೌಂಡ್ ಕಟ್ಟೆಯ ಮೇಲೆ ಕಾಯುತ್ತಿದ್ದರು.

ಅವರ ವಿಷಯ ಬರೆಯುವ ಯೋಗ್ಯತೆ ನನಗಿದೆಯೋ ಇಲ್ಲವೋ ಗೊತ್ತಿಲ್ಲ. ಒಬ್ಬ ಒಳ್ಳೆಯ ಮನುಷ್ಯ ಮಾಡಿದ ತಪ್ಪು ಎಂದು ಶುರು ಮಾಡಿದರೆ ನನ್ನ ತಪ್ಪು ಅದರ ಅಡಿಯಲ್ಲಿ ಆರಾಮವಾಗಿ ಮುಚ್ಚಿಹೋಗುತ್ತದೆ. ಹಾಗಾಗಬಾರದು. ಒಂದು ಮಗುವಿನ ಚುರುಕನ್ನು ಕೈಯಾರೆ ಹಾಳುಮಾಡಿದವರು ನಾವಿಬ್ಬರೂ. ಅವರು ಪ್ರೀತಿಯಿಂದ ಮಾಡಿದರು. ನಾನು ಜಂಬದಿಂದ ಮಾಡಿದೆ.

ನನ್ನ ಹೆಸರು ಅನಸೂಯ. ವಿಮಾ ಕಚೇರಿಯ ಕ್ಲೇಮು ವಿಭಾಗದಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿ ಸ್ವಯಂ ನಿವೃತ್ತಿ ತೆಗೆದುಕೊಂಡವಳು. ಬಾಯಿ ಸ್ವಲ್ಪ ಜೋರು. ಆ ವಿಭಾಗದಲ್ಲಿ ಅಷ್ಟು ವರ್ಷ ಕೂತವರಿಗೆ ಒಂದು ರೋಗ ಅಂಟುತ್ತದೆ. ಎದುರು ನಿಂತು ಅಳುವ ಮನುಷ್ಯನ ಮಾತಿಗಿಂತ ಅವನು ತಂದ ಕಾಗದದ ಮೇಲೆ ಹೆಚ್ಚು ನಂಬಿಕೆ. ತಾರೀಖು, ಅಂಕಿ, ಸಹಿ ಸರಿಯಿದ್ದರೆ ಮುಗಿಯಿತು. ನಿವೃತ್ತಿಯಾದ ಮೇಲೂ ಆ ರೋಗ ನನ್ನನ್ನು ಬಿಡಲಿಲ್ಲ. ಮಕ್ಕಳ ಜೊತೆ ಇದ್ದರೆ ಹೋದೀತು ಎಂದುಕೊಂಡಿದ್ದೆ, ಅದೂ ಆಗಲಿಲ್ಲ.

ಹೋದ ವರ್ಷ ಜೂನ್ ಮೊದಲ ವಾರದಲ್ಲಿ ಮಗುವನ್ನು ಸೇರಿಸಲು ತಾತ, ತಾಯಿ ಇಬ್ಬರೂ ಬಂದರು. ತೇಜಶ್ರೀ ಆಗಷ್ಟೇ ಎರಡನೇ ಕ್ಲಾಸಿಗೆ ಕಾಲಿಟ್ಟಿದ್ದಳು, ಏಳು ತುಂಬಲು ಇನ್ನೂ ಎರಡು ತಿಂಗಳಿತ್ತು. ಮುಂದಿನ ಎರಡು ಹಲ್ಲು ಬಿದ್ದಿದ್ದವು. ತಾಯಿ ಸೌಂದರ್ಯಾ ಹಲಸೂರಿನ ಆಸ್ಪತ್ರೆಯೊಂದರ ರಿಸೆಪ್ಷನ್‌ನಲ್ಲಿ ಕೆಲಸ ಮಾಡುತ್ತಿದ್ದಳು. ತಂದೆ ಮುತ್ತುರಾಜ್, ಚಿನ್ನಪ್ಪನವರ ಮಗ, ಹೊಸೂರಿನ ಕಾರ್ಖಾನೆಯಲ್ಲಿದ್ದ, ಮನೆಗೆ ಬರುತ್ತಿದ್ದದ್ದು ವಾರಕ್ಕೊಮ್ಮೆ. ಅಜ್ಜಿ ಶಾಂತಕುಮಾರಿ ತೀರಿಕೊಂಡು ಎರಡು ವರ್ಷವಾಗಿತ್ತು. ಹಾಗಾಗಿ ಮಗುವನ್ನು ಶಾಲೆಗೆ ಬಿಟ್ಟು ಕರೆತರುವುದು, ಊಟ ಮಾಡಿಸುವುದು, ಜಡೆ ಹಾಕುವುದು ಎಲ್ಲ ತಾತನದೇ. ಜಡೆಯನ್ನು ಅವರು ಎಷ್ಟು ಬಿಗಿಯಾಗಿ ಹೆಣೆಯುತ್ತಿದ್ದರೆಂದರೆ ಪಾಪ, ಆ ಮಗುವಿನ ಹುಬ್ಬುಗಳು ಯಾವಾಗಲೂ ಆಶ್ಚರ್ಯಪಟ್ಟಂತೆ ಮೇಲಕ್ಕೇ ಇರುತ್ತಿದ್ದವು.

"ಪಿಯುಸಿಲಿ ಮ್ಯಾಥ್ಸ್‌ಗೆ ಹೆದರ್ಕೊಂಡು ನಾನು ಸೈನ್ಸ್ ಬಿಟ್ಬಿಟ್ಟೆ ಮೇಡಂ," ಎಂದಳು ಸೌಂದರ್ಯಾ. "ಇವಳಿಗೆ ಆ ಭಯ ಬರಬಾರ್ದು. ಬೇರೇನೂ ಬೇಡ ನಂಗೆ."

ಯಾವ ಹಂತದಿಂದ ಶುರು ಮಾಡಬೇಕೆಂದು ನೋಡಲು ಒಂದು ಹಾಳೆ ಕೊಟ್ಟೆ. ಇಪ್ಪತ್ತು ಕೂಡುವ ಲೆಕ್ಕ. ಅವಳು ಎಡಗೈ ಬೆರಳುಗಳನ್ನು ಮೇಜಿನ ಕೆಳಗೆ ಬಚ್ಚಿಟ್ಟುಕೊಂಡು ಬಲಗೈಯಲ್ಲಿ ಸರಸರ ಬರೆದಳು. ನಾಲ್ಕು ನಿಮಿಷವೂ ಆಗಿರಲಿಲ್ಲ. "ಆಯ್ತು ಮಿಸ್, ಇನ್ನೂ ಇದ್ಯಾ?" ಎಂದಳು. ಚಿನ್ನಪ್ಪನವರ ಮುಖ ನೋಡಬೇಕಿತ್ತು. ತುಟಿ ಬಿಗಿಹಿಡಿದು ನಗು ತಡೆದುಕೊಂಡಿದ್ದರು. ಎಲ್ಲಿ ದೃಷ್ಟಿ ತಾಗುವುದೋ ಎಂಬಂತೆ.

ಆಮೇಲೆ ನಾನು ಎಲ್ಲ ಪೋಷಕರಿಗೂ ಹೇಳುವ ಪಾಠವನ್ನು ಅವರಿಗೂ ಒಪ್ಪಿಸಿದೆ. ವಾರಕ್ಕೆರಡು ದಿನ ಇಲ್ಲಿ, ಉಳಿದ ದಿನ ಮನೆಯಲ್ಲಿ. ದಿನಕ್ಕೆ ಐದು ಹಾಳೆ, ಒಂದೊಂದರಲ್ಲಿ ನಾಲ್ಕೈದು ಲೆಕ್ಕ. ಮನೆಯ ಹಿರಿಯರೊಬ್ಬರು ಪಕ್ಕದಲ್ಲಿ ಕೂತು ಉತ್ತರದ ಪುಸ್ತಕ ನೋಡಿ ತಿದ್ದಬೇಕು. ಹಾಳೆಯ ಮೂಲೆಯಲ್ಲಿ ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತಿಗೆ ಮುಗಿಯಿತು ಎಂದು ಬರೆಯಬೇಕು. ಐದು ಹಾಳೆ ಏಳು ನಿಮಿಷದೊಳಗೆ ಮುಗಿದರೆ ಮುಂದಿನ ಹಂತ. ಇಲ್ಲದಿದ್ದರೆ ಅದೇ ಹಂತದ ಹಾಳೆಗಳೇ ಮತ್ತೆ.

ಚಿನ್ನಪ್ಪನವರು ಬಹಳ ಗಮನವಿಟ್ಟು ಕೇಳಿದರು. ಕೊನೆಗೆ ಒಂದೇ ಪ್ರಶ್ನೆ ಕೇಳಿದರು.

"ಬೇಗ ಮುಗಿಸಿದ್ರೆ ಇನ್ನೂ ಜಾಸ್ತಿ ಕೊಡ್ತೀರಾ ಮೇಡಂ?"

"ಹೌದು ಮತ್ತೆ. ಕೈಲಾಗುತ್ತೆ ಅಂತ ಗೊತ್ತಾದ್ಮೇಲೆ ಸುಮ್ನೆ ಬಿಡೋಕಾಗುತ್ತಾ? ಏರಿಸ್ತಾ ಹೋಗೋದೇ."

"ಎಲ್ಲಿವರೆಗೂ?"

"ಅದಕ್ಕೆ ಕೊನೆ ಇಲ್ಲ ಚಿನ್ನಪ್ಪನವ್ರೇ," ಎಂದು ನಾನು ಹೆಮ್ಮೆಯಿಂದ ನಕ್ಕೆ.

ಅವರು ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟು, "ಆಯ್ತು ಮೇಡಂ, ಟೈಮು ನಾನೇ ಬರೀತೀನಿ," ಎಂದರು. ಅವರಿಗೆ ಖುಷಿಯಾಯಿತೆಂದು ನಾನು ತಿಳಿದೆ.

ಮೊದಲ ತಿಂಗಳ ಹಾಳೆಗಳನ್ನು ನೋಡಿ ತಲೆ ಕೆರೆದುಕೊಂಡೆ. ನನ್ನ ಕಣ್ಣೆದುರು ಐದು ಹಾಳೆ ಮುಗಿಸಲು ತೇಜಶ್ರೀಗೆ ಐದಾರು ನಿಮಿಷ ಸಾಕಾಗುತ್ತಿತ್ತು. ಮನೆಯಿಂದ ಬಂದ ಹಾಳೆಗಳ ಮೂಲೆಯಲ್ಲಿ ಮಾತ್ರ ಹದಿನೆಂಟು ನಿಮಿಷ, ಹತ್ತೊಂಬತ್ತು ನಿಮಿಷ, ಒಮ್ಮೊಮ್ಮೆ ಹದಿನೇಳು. ದುಂಡಗಿನ ಅಕ್ಷರ, ಒಂದು ಗೀಚೂ ಇಲ್ಲ. ಉತ್ತರಗಳೆಲ್ಲ ಸರಿ. ತಿದ್ದಿದ್ದೂ ಸರಿ. ಒಮ್ಮೆಯಂತೂ ಉತ್ತರದ ಪುಸ್ತಕದಲ್ಲಿ ಐವತ್ತಾರು ಎಂದು ತಪ್ಪಾಗಿ ಅಚ್ಚಾದದ್ದನ್ನು ಅವರೇ ಹಿಡಿದು, ಅರವತ್ತೈದು ಎಂದು ಪಕ್ಕದಲ್ಲಿ ಸಣ್ಣಗೆ ಬರೆದು ತಂದಿದ್ದರು. ಅಷ್ಟು ಕಟ್ಟುನಿಟ್ಟಿನ ಮನುಷ್ಯ ಬರೆದ ಸಮಯ ಸುಳ್ಳಾಗಿರಲು ಹೇಗೆ ಸಾಧ್ಯ?

ಕ್ಲೇಮು ವಿಭಾಗದ ನನ್ನ ಬುದ್ಧಿ ಓಡಿತು. ಕಾಗದ ನಿಜವಾದರೆ ಮಗು ಸುಳ್ಳು. ತೇಜಶ್ರೀಯ ಪಕ್ಕ ಸೈಫ್ ಎಂಬ ಚುರುಕು ಹುಡುಗ ಕೂರುತ್ತಿದ್ದ, ಅದೇ ಹಂತದ ಹಾಳೆಗಳು. ಇವಳು ಅವನದನ್ನು ನೋಡಿ ಬರೆಯುತ್ತಿದ್ದಾಳೆ ಎಂದು ನಾನು ತೀರ್ಮಾನಿಸಿದೆ. ಅವಳು ಹಾಗೆ ನೋಡಿ ಬರೆದದ್ದನ್ನು ಒಂದು ಸಲವಾದರೂ ಕಂಡಿದ್ದೆನೇ ಎಂದು ಕೇಳಿದರೆ, ಇಲ್ಲ. ಸೇರಿದ ದಿನ ಒಬ್ಬಳೇ ಕೂತು ನಾಲ್ಕು ನಿಮಿಷದಲ್ಲಿ ಮುಗಿಸಿದ್ದಳಲ್ಲ, ಅದು ನೆನಪಿರಲಿಲ್ಲವೇ ಎಂದರೆ, ಆ ಹಾಳೆಯ ಮೇಲೆ ನಾನು ಸಮಯ ಬರೆದಿಟ್ಟಿರಲಿಲ್ಲ. ಬರೆಯದೆ ಇದ್ದದ್ದು ನನ್ನ ಪಾಲಿಗೆ ನಡೆದೇ ಇರಲಿಲ್ಲ.

ಜುಲೈ ಕೊನೆಯ ಶುಕ್ರವಾರ ಅವಳನ್ನು ಎಬ್ಬಿಸಿ, ಗೋಡೆಗೆ ಮುಖ ಮಾಡಿದ ಒಂಟಿ ಮೇಜಿನಲ್ಲಿ ಕೂರಿಸಿದೆ.

"ಯಾಕೆ ಮಿಸ್?"

"ಇಲ್ಲಾದ್ರೆ ನಿನ್ನ ಪಾಡಿಗೆ ನೀನು ಮಾಡ್ಬಹುದು ಪುಟ್ಟ. ಆತುರ ಬೇಡ. ನಿಧಾನವಾಗಿ ಮಾಡು."

ಮಗು ತಲೆಯಾಡಿಸಿತು. ಅವತ್ತು ಎಂಟು ನಿಮಿಷವಾಯಿತು. ಮುಂದಿನ ವಾರ ಹನ್ನೊಂದು. ಆಗಸ್ಟ್ ಮುಗಿಯುವ ಹೊತ್ತಿಗೆ ಹದಿನೈದು, ದಸರಾ ರಜೆ ಕಳೆದು ಬಂದಾಗ ಹದಿನೇಳು. ನನ್ನ ಲೆಕ್ಕ, ಅವರ ಮನೆಯ ಲೆಕ್ಕ ಎರಡೂ ತಾಳೆಯಾದವು. ಕೊನೆಗೂ ನಿಜ ಹೊರಬಂತು ಎಂದು ನಾನು ಸಮಾಧಾನಪಟ್ಟುಕೊಂಡೆ. ಈಗ ಅದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಮಕ್ಕಳು ಬರೆಯುತ್ತಿರುವಾಗ ನಾನು ಆಗಾಗ ಕೆಳಗಿಳಿದು ಹೋಗಿ ಚಿನ್ನಪ್ಪನವರಿಗೆ ಕಾಫಿ ಕೊಡುತ್ತಿದ್ದೆ. ಅವರು ಹುಟ್ಟಿದ್ದು ಕೃಷ್ಣರಾಜಪುರದ ಹತ್ತಿರದ ದೇವಸಂದ್ರದಲ್ಲಿ. ತಂದೆ ಇಟ್ಟಿಗೆ ಗೂಡಿನಲ್ಲಿ ಕೂಲಿ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಎಂಬತ್ತೆರಡು ಅಂಕ ತೆಗೆದು, ಹತ್ತೊಂಬತ್ತನೇ ವಯಸ್ಸಿಗೆ ಒಂದು ಸರಕಾರಿ ಕಾರ್ಖಾನೆಗೆ ಸೇರಿ, ಲೇತ್ ಯಂತ್ರದ ಮುಂದೆ ಮೂವತ್ತೊಂಬತ್ತು ವರ್ಷ ನಿಂತವರು. ನಿಂತೂ ನಿಂತೂ ಎಡಮೊಣಕಾಲು ಸವೆದಿತ್ತು. ಸ್ಕ್ರೂವಿಗೆ ಇಂಚಿಗೆ ಎಷ್ಟು ಸುತ್ತು ಕೊರೆಯಬೇಕು, ಅದಕ್ಕೆ ಯಾವ ಗೇರು ಜೋಡಿಸಬೇಕು ಎಂಬುದನ್ನು ಕಾಗದ ಮುಟ್ಟದೆ ಬಾಯಲ್ಲೇ ಹೇಳುತ್ತಿದ್ದರಂತೆ. ಒಂದು ದಿನ ನನ್ನ ಗೆಳತಿಯೊಬ್ಬಳು ಅಲ್ಲೇ ಇದ್ದಳು. ಆಟಕ್ಕೆಂದು ನಲವತ್ತೇಳನ್ನು ಮೂವತ್ತಾರರಿಂದ ಗುಣಿಸಿ ಎಂದಳು. ಕಾಫಿ ಲೋಟ ತುಟಿಯಿಂದ ಇಳಿಸುವಷ್ಟರಲ್ಲಿ ಸಾವಿರದ ಆರುನೂರ ತೊಂಬತ್ತೆರಡು ಎಂದರು. ಆ ತಲೆಯೇ ಮೊಮ್ಮಗಳಿಗೆ ಬಂದಿರಬಹುದೆಂದು ನನಗೇಕೆ ಹೊಳೆಯಲಿಲ್ಲವೋ ದೇವರಿಗೇ ಗೊತ್ತು.

ಮದುವೆಯಾದ ಮೇಲೆ ಗಂಡ ಹೆಂಡತಿ ಇಬ್ಬರೂ ಬೌದ್ಧರಾದವರು. ಹೆಂಡತಿ ಇದ್ದಾಗ ಪ್ರತಿ ಹುಣ್ಣಿಮೆಗೂ ಮನೆಯಲ್ಲಿ ಹಾಲುಪಾಯಸ. ಆಕೆ ಹೋದ ಮೇಲೂ ಅವರು ಅದನ್ನು ಬಿಟ್ಟಿರಲಿಲ್ಲ. ಜುಲೈ ತಿಂಗಳ ಹುಣ್ಣಿಮೆಗೆ ನನಗೂ ಸ್ಟೀಲ್ ಡಬ್ಬಿಯಲ್ಲಿ ಪಾಯಸ ತಂದಿದ್ದರು. ಡಬ್ಬಿ ಚಾಚಿದಾಗ ನನ್ನ ಕೈ ಒಂದು ಕ್ಷಣ ತಡೆಯಿತು. ನಾನು ಅಂಥವಳಲ್ಲ ಎಂದು ಎಲ್ಲರ ಹತ್ತಿರ ಹೇಳಿಕೊಂಡು ತಿರುಗುವ ನನ್ನ ಕೈ. ಆಮೇಲೆ ತೆಗೆದುಕೊಂಡೆ, ತಿಂದೆ, ಚೆನ್ನಾಗಿದೆ ಎಂದೆ. ಆದರೆ ಅವರು ಆ ಒಂದು ಕ್ಷಣವನ್ನು ನೋಡಿದ್ದರು. ಅವರ ವಯಸ್ಸಿನವರಿಗೆ ಅದನ್ನು ನೋಡಿ ಅಭ್ಯಾಸ ಇರುತ್ತದೆ.

ಫೆಬ್ರವರಿಯಲ್ಲಿ ತೇಜಶ್ರೀಯ ಶಾಲೆಯಿಂದ ಒಂದು ಸೂಚನೆ ಬಂತು. ಮೂರನೇ ಕ್ಲಾಸಿನಿಂದ ಗಣಿತಕ್ಕೆ ಮಕ್ಕಳನ್ನು ಎರಡು ಗುಂಪು ಮಾಡುತ್ತಾರೆ, ಒಂದು ಮಾಮೂಲಿ, ಇನ್ನೊಂದು ಹಿಂದುಳಿದವರಿಗೆ. ಅದಕ್ಕೊಂದು ಪರೀಕ್ಷೆ. ಹೊರಗೆ ಎಲ್ಲಾದರೂ ಕ್ಲಾಸಿಗೆ ಹೋಗುತ್ತಿದ್ದರೆ ಅಲ್ಲಿಂದಲೂ ಒಂದು ಪತ್ರ ತರಬೇಕು. ಸೌಂದರ್ಯಾ ಕೇಳಿದಳು, ನಾನು ಬರೆದುಕೊಟ್ಟೆ. ಎಂಟು ತಿಂಗಳ ಸಮಯವನ್ನೆಲ್ಲ ಒಂದು ಪಟ್ಟಿ ಮಾಡಿ ಲಗತ್ತಿಸಿದೆ. ಉತ್ತರಗಳು ಸರಿ, ಆದರೆ ವಯಸ್ಸಿಗೆ ತಕ್ಕ ವೇಗವಿಲ್ಲ, ಮೊದಲ ಹಂತವನ್ನೇ ದಾಟಿಲ್ಲ ಎಂದು ಪ್ರಾಮಾಣಿಕವಾಗಿ ಬರೆದೆ. ಪ್ರಾಮಾಣಿಕವಾಗಿ ಎಂಬ ಮಾತನ್ನು ಆಗ ನಾನು ಬಹಳ ಬಳಸುತ್ತಿದ್ದೆ.

ಮಾರ್ಚ್ ಕೊನೆಯ ಮಂಗಳವಾರ ಸೌಂದರ್ಯಾ ಆಸ್ಪತ್ರೆಗೆ ರಜೆ ಹಾಕಿ, ಮಾವನ ಜೊತೆ ನಮ್ಮ ಮನೆಗೆ ಬಂದಳು. ತೇಜಶ್ರೀ ಮಹಡಿಯಲ್ಲಿ ಉಳಿದ ಮಕ್ಕಳೊಂದಿಗೆ ಇದ್ದಳು. ಸೌಂದರ್ಯಾಳ ಕೈಯಲ್ಲಿ ಶಾಲೆಯ ಪತ್ರವಿತ್ತು. ಪರೀಕ್ಷೆಯಲ್ಲಿ ಮಗು ಮೂವತ್ತರಲ್ಲಿ ಹನ್ನೆರಡು ಲೆಕ್ಕ ಮಾತ್ರ ಮಾಡಿತ್ತು. ಮಾಡಿದ್ದೆಲ್ಲ ಸರಿ. ಮಿಕ್ಕದ್ದು ಖಾಲಿ. ಸಮಯ ಸಾಲಲಿಲ್ಲ ಎಂದು ಬರೆದಿದ್ದರು. ಅವಳನ್ನು ಹಿಂದುಳಿದವರ ಗುಂಪಿಗೆ ಹಾಕಿದ್ದರು.

"ಮನೇಲಿ ಬಾಯ್ಲೆಕ್ಕ ಕೇಳಿದ್ರೆ ಪಟ್ ಅಂತ ಹೇಳ್ತಾಳೆ ಮೇಡಂ," ಎಂದಳು ಸೌಂದರ್ಯಾ. "ನನ್ ಥರಾನೇ ಆಗೋದ್ಲಲ್ಲ. ನಂದೇ ತಲೆ ಅವಳಿಗೆ ಬಂದಿದೆ ಅನ್ಸುತ್ತೆ."

ನಾನು ನನ್ನ ಪಟ್ಟಿ ತೆಗೆದು ಮೇಜಿನ ಮೇಲೆ ಹರಡಿದೆ. "ನೋಡಮ್ಮ, ಮೊದಲಿಂದ್ಲೂ ಹೀಗೇ ಇದೆ. ಮನೇಲಿ ಹದಿನೆಂಟು, ಇಲ್ಲಿ ಹದಿನೇಳು. ನಾನು ಸುಮ್ನೆ ಹೇಳ್ತಿಲ್ಲ."

ಬಾಗಿಲ ಹತ್ತಿರ ನಿಂತಿದ್ದ ಚಿನ್ನಪ್ಪನವರು ಹತ್ತಿರ ಬಂದರು. ಪಟ್ಟಿಯ ಮೇಲೆ ಬೆರಳಿಟ್ಟು ಒಂದೊಂದೇ ಅಂಕಿ ನೋಡಿದರು.

"ಈ ಟೈಮ್ ನೋಡಿ ನೀವು ಮಗು ದಡ್ಡಿ ಅಂತ ಬರೆದ್ರಾ ಮೇಡಂ?"

"ದಡ್ಡಿ ಅಂತಲ್ಲ. ನಿಧಾನ ಅಂತ."

"ಇದು ನಾನು ಬರ್ದಿದ್ದು."

"ಗೊತ್ತು. ನೀವೇ ಅಲ್ವಾ ಬರೀತಿದ್ದಿದ್ದು."

"ಅಲ್ಲ ಮೇಡಂ. ಇದು ನಾನು ಬರ್ದಿದ್ದು. ಅವಳು ಆರು ನಿಮಿಷದಲ್ಲಿ ಮುಗಿಸೋಳು."

ಸೌಂದರ್ಯಾ ಕುರ್ಚಿಯಿಂದ ಎದ್ದುನಿಂತಳು. ಚಿನ್ನಪ್ಪನವರು ಕೂರಲಿಲ್ಲ. ಮೇಜಿನ ಅಂಚು ಹಿಡಿದುಕೊಂಡೇ ಹೇಳಿದರು.

"ನಮ್ ಫ್ಯಾಕ್ಟರೀಲಿ ಜಾಬ್ ಕಾರ್ಡ್ ಅಂತ ಇತ್ತು. ಒಂದು ಪೀಸ್ ಮಾಡೋಕೆ ಎಷ್ಟು ಹೊತ್ತು ಹಿಡೀತು ಅಂತ ನಾವೇ ಬರೀಬೇಕು. ನಿಜ ಬರೆದ್ರೆ ಸತ್ವಿ. ಇವತ್ತು ಹನ್ನೊಂದು ನಿಮಿಷದಲ್ಲಿ ಮಾಡ್ದೆ ಅಂತ ಬರೆದ್ರೆ ನಾಳೆಯಿಂದ ಇಡೀ ಸೆಕ್ಷನ್‌ಗೇ ಹನ್ನೊಂದು. ಅದಕ್ಕೆ ಎಲ್ರೂ ಮೂರರಷ್ಟು ಬರೆಯೋರು. ಒಂದೇ ಅಂಕಿ ಬರೀಬಾರ್ದು, ಅನುಮಾನ ಬರುತ್ತೆ. ಒಂದಿನ ಹದಿನೇಳು, ಒಂದಿನ ಹತ್ತೊಂಬತ್ತು. ನೀವು ಅವತ್ತು, ಬೇಗ ಮುಗಿಸಿದ್ರೆ ಇನ್ನೂ ಜಾಸ್ತಿ ಕೊಡ್ತೀವಿ, ಕೊನೆ ಇಲ್ಲ ಅಂದ್ರಿ. ನಂಗೆ ಎದೆ ಝಲ್ ಅಂತು. ಅಷ್ಟು ಸಣ್ಣ ಮಗು."

ಸೌಂದರ್ಯಾ ಕೇಳಿದಳು. "ಮಾವ, ನಂಗಾದ್ರೂ ಒಂದ್ಮಾತು ಹೇಳ್ಬಾರ್ದಿತ್ತಾ?"

"ಹೇಳೋಂಥದ್ದು ಅಂತ ಅನ್ನಿಸ್ಲಿಲ್ಲಮ್ಮ. ಅದು ಎಲ್ರೂ ಮಾಡೋದು."

ಆಮೇಲೆ ಅವರು ವೆಂಕಟಾಚಲನ ವಿಷಯ ಹೇಳಿದರು. ಹತ್ತು ತಿಂಗಳು ಕಟ್ಟೆಯ ಮೇಲೆ ಕೂತು ಅಷ್ಟೆಲ್ಲ ಮಾತಾಡಿದ ಮನುಷ್ಯ ಇದನ್ನು ಒಮ್ಮೆಯೂ ಎತ್ತಿರಲಿಲ್ಲ.

ಆಗ ಅವರಿಗೆ ಇಪ್ಪತ್ತನಾಲ್ಕು. ಕೈಯಲ್ಲಿ ಕಸುವು, ತಲೆಯಲ್ಲಿ ಲೆಕ್ಕ, ತೋರಿಸಿಕೊಳ್ಳುವ ಆಸೆ. ಸೆಕ್ಷನ್ನಿನಲ್ಲಿ ಉಳಿದವರು ಊಟಕ್ಕೆ ಇವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲು ಹಿಂದೆಮುಂದೆ ನೋಡುತ್ತಿದ್ದರು. ಕೂರಿಸಿಕೊಳ್ಳುತ್ತಿದ್ದವನು ವೆಂಕಟಾಚಲ ಒಬ್ಬನೇ. ಪಕ್ಕದ ಲೇತಿನವನು, ಇವರಿಗಿಂತ ಇಪ್ಪತ್ತು ವರ್ಷ ದೊಡ್ಡವನು, ಬಲಗೈಯ ಎರಡು ಬೆರಳು ಮಡಚಲು ಬರುತ್ತಿರಲಿಲ್ಲ. ಒಂದು ದಿನ ವಾಚು ಹಿಡಿದ ಅಧಿಕಾರಿಯೊಬ್ಬರು ಬಂದು ಯಾರು ಚುರುಕು ಎಂದು ಕೇಳಿದರು. ಇವರು ಮುಂದೆ ಬಂದು, ಉಳಿದವರು ಅರ್ಧ ಗಂಟೆ ಎಂದು ಬರೆಯುತ್ತಿದ್ದ ಕೆಲಸವನ್ನು ಹನ್ನೊಂದು ನಿಮಿಷದಲ್ಲಿ ಮಾಡಿ ತೋರಿಸಿದರು. ಅಧಿಕಾರಿ ಬೆನ್ನು ತಟ್ಟಿದರು. ಮುಂದಿನ ತಿಂಗಳಿಂದ ಎಲ್ಲರಿಗೂ ಹದಿಮೂರು ನಿಮಿಷ. ವೆಂಕಟಾಚಲನ ಕೈಯಲ್ಲಿ ಅದು ಆಗಲಿಲ್ಲ. ಅವನನ್ನು ಯಂತ್ರದಿಂದ ತೆಗೆದು ಅಂಗಳದಲ್ಲಿ ಕಬ್ಬಿಣದ ಚೂರು ಗುಡಿಸಲು ಹಾಕಿದರು. ನಿವೃತ್ತಿಯಾಗುವವರೆಗೂ ಅವನು ಅದನ್ನೇ ಮಾಡಿದ.

"ಒಂದಿನಾನೂ ಬೈಲಿಲ್ಲ ಮೇಡಂ ಆತ. ಬೈದಿದ್ರೆ ಚೆನ್ನಾಗಿರೋದು. ಆವತ್ತಿಂದ ನಂಗೆ ಬೇಗ ಅಂದ್ರೆ ಭಯ."

ನಾನು ಕೇಳಬಾರದ ಪ್ರಶ್ನೆ ಕೇಳಿದೆ. "ಕ್ಲಾಸಲ್ಲಿ ಅವಳನ್ನ ಗೋಡೆ ಕಡೆ ಕೂರಿಸಿದಾಗ್ಲಾದ್ರೂ ನೀವು ಬಂದು ಕೇಳಬಹುದಿತ್ತಲ್ಲ ಚಿನ್ನಪ್ಪನವ್ರೇ?"

ಅವರು ನೆಲ ನೋಡಿದರು. "ಕೇಳೋಣ ಅಂತ ಮೂರು ಸಲ ಅರ್ಧ ಮೆಟ್ಲು ಹತ್ತಿದ್ದೆ. ಯಾಕೆ ಅಂತ ನಿಮ್ ಬಾಯಲ್ಲಿ ಕೇಳೋದು ಬೇಡ ಅನ್ನಿಸ್ತು. ಮಗುಗೆ ಪಾಠ ಆದ್ರೆ ಸಾಕು ಅಂತ ಸುಮ್ನಾದೆ."

ಅವರು ಏನೆಂದುಕೊಂಡಿದ್ದರೆಂದು ನನಗೆ ತಿಳಿಯಿತು. ಡಬ್ಬಿ ಚಾಚಿದಾಗ ನನ್ನ ಕೈ ತಡೆದದ್ದನ್ನು ಅವರು ಕಂಡ ತಿಂಗಳೇ ನಾನು ಅವರ ಮೊಮ್ಮಗಳನ್ನು ಬೇರೆ ಕೂರಿಸಿದ್ದೆ. ಅದಕ್ಕಲ್ಲ, ಅವಳು ನೋಡಿ ಬರೆಯುತ್ತಾಳೆಂದು ಕೂರಿಸಿದೆ, ಎಂದು ಹೇಳಲು ಬಾಯಿ ತೆರೆದೆ. ಹೇಳಿದರೆ ಅದೇನು ದೊಡ್ಡ ಮರ್ಯಾದೆಯ ಮಾತೇ? ಒಂದು ಅವಮಾನ ಅಳಿಸಿ ಇನ್ನೊಂದನ್ನು ಕೊಟ್ಟ ಹಾಗೆ. ಆದರೂ ಹೇಳಿದೆ, ಅವರು ಕೈಮುಗಿದರು. ಆ ಕೈ ನೋಡಲಾಗದೆ ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ.

ಮರುದಿನ ನಾನೂ ಸೌಂದರ್ಯಾಳೂ ಶಾಲೆಗೆ ಹೋದೆವು. ನಾನು ಕೊಟ್ಟ ಪತ್ರ ತಪ್ಪು ಎಂದೆ. ಅಲ್ಲಿನವರು ಒಳ್ಳೆಯವರೇ. ಏಪ್ರಿಲ್ ಹತ್ತರೊಳಗೆ ಹೊಸದಾಗಿ ಸಮಯ ಹಿಡಿದು ಬೇರೆ ಪತ್ರ ಕೊಟ್ಟರೆ ಗುಂಪು ಬದಲಾಯಿಸುತ್ತೇವೆ ಎಂದರು. ಇಷ್ಟು ಸುಲಭವೇ ಎಂದು ನಮಗಿಬ್ಬರಿಗೂ ಜೀವ ಬಂದಂತಾಯಿತು. ಶನಿವಾರ ಬೆಳಿಗ್ಗೆ ಬೇರೆ ಮಕ್ಕಳಿಲ್ಲದಾಗ ಕರೆತನ್ನಿ ಎಂದೆ. ಆರು ನಿಮಿಷದ ಮಗು, ಆರು ನಿಮಿಷದ ಕೆಲಸ.

ಶನಿವಾರ ಮೂವರೂ ಬಂದರು. ತಾತ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ತೇಜಶ್ರೀ ಬಂದವಳೇ ಗೋಡೆಯ ಕಡೆಯ ಮೇಜಿಗೆ ಹೊರಟಳು. ನಾನು ಅವಳ ಕೈಹಿಡಿದು ಕಿಟಕಿಯ ಹತ್ತಿರ ಕೂರಿಸಿದೆ. ಚಿನ್ನಪ್ಪನವರು ಕಷ್ಟಪಟ್ಟು ಮೊಣಕಾಲೂರಿ ಅವಳ ಎದುರು ಕೂತರು.

"ತಾತ ಹಾಳೆ ಮೇಲೆ ಸುಳ್ಳು ಬರ್ದಿದ್ದೆ ಕಂದ. ನೀನು ತುಂಬಾ ಬೇಗ ಮಾಡ್ತೀಯ. ಇವತ್ತು ನಿಂಗೆಷ್ಟು ಬೇಗ ಆಗುತ್ತೋ ಅಷ್ಟು ಬೇಗ ಮಾಡ್ಬೇಕು. ಆಯ್ತಾ?"

"ಹೂಂ," ಎಂದಳು ಅವಳು.

"ಯಾರೂ ಏನೂ ಅನ್ನಲ್ಲ ಪುಟ್ಟ," ಎಂದು ನಾನೂ ಹೇಳಿದೆ. ಇಪ್ಪತ್ತು ಲೆಕ್ಕದ ಹಾಳೆ ಇಟ್ಟು ವಾಚು ನೋಡಿದೆ.

ಮೊದಲನೆಯ ಉತ್ತರ ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು. ಸೌಂದರ್ಯಾ ನನ್ನ ತೋಳು ಹಿಡಿದುಕೊಂಡಳು. ಎರಡನೆಯದಕ್ಕೂ ಮಗುವಿನ ತುಟಿ ಆಗಲೇ ಆಡಿತು, ಹದಿನಾಲ್ಕು. ಪೆನ್ಸಿಲ್ ಕಾಗದದ ಹತ್ತಿರ ಹೋಗಿ, ಅಲ್ಲೇ ನಿಂತಿತು. ಅವಳು ಕಿಟಕಿಯಾಚೆ ನೋಡಿದಳು. ಜಡೆಯ ತುದಿ ಎಳೆದುಕೊಂಡಳು. ಆಮೇಲೆ ಹದಿನಾಲ್ಕು ಎಂದು ಬರೆದಳು. ಮೂರನೆಯದಕ್ಕೂ ಹಾಗೇ. ನಾಲ್ಕನೆಯದಕ್ಕೂ ಹಾಗೇ. ಒಂದೊಂದು ಲೆಕ್ಕಕ್ಕೂ ತುಟಿಯ ಮೇಲೆ ಉತ್ತರ ಮೊದಲೇ ಬರುತ್ತಿತ್ತು, ಕೈ ಮಾತ್ರ ಕಾಯುತ್ತಿತ್ತು. ನಡುವೆ ಒಮ್ಮೆ ಚಿನ್ನಪ್ಪನವರು ತಡೆಯಲಾರದ ದನಿಯಲ್ಲಿ, "ಬರಿ ಕಂದ, ಗೊತ್ತಿದ್ಯಲ್ಲ," ಎಂದರು. ಅವಳು ತಲೆಯೆತ್ತಿ ಅವರಿಗೆ ಧೈರ್ಯ ಹೇಳುವಂತೆ ನಕ್ಕಳು. ಹೊಸ ಹಲ್ಲುಗಳು ಅರ್ಧ ಬಂದಿದ್ದವು. ಮತ್ತೆ ಕಾದಳು.

ಇಪ್ಪತ್ತೊಂದು ನಿಮಿಷವಾಯಿತು.

ಹಾಳೆ ತಂದು ನನ್ನ ಕೈಗೆ ಕೊಟ್ಟು, ಕೈಕಟ್ಟಿ ನಿಂತಳು. ಸ್ವಲ್ಪ ತಪ್ಪಿತಸ್ಥಳಂತೆ ಹೇಳಿದಳು.

"ಮೊದಲ್ನೇದೊಂದು ಬೇಗ ಬರ್ದ್ಬಿಟ್ಟೆ ಮಿಸ್. ಆಮೇಲೆಲ್ಲಾ ಸರಿಯಾಗಿ ಮಾಡ್ದೆ."

ಎದ್ದುನಿಂತಿದ್ದ ಚಿನ್ನಪ್ಪನವರು ಬಾಗಿಲ ಚೌಕಟ್ಟು ಹಿಡಿದುಕೊಂಡೇ ಹೊಸ್ತಿಲ ಮೇಲೆ ಕುಸಿದು ಕೂತರು. ಬಿಳಿ ಅಂಗಿಯ ತೋಳಿನಲ್ಲಿ ಮುಖ ಮುಚ್ಚಿಕೊಂಡು ಸದ್ದು ಬರುವಂತೆ ಅತ್ತರು. ತಾತ ಅಳುವುದನ್ನು ಅವಳು ಮೊದಲ ಸಲ ನೋಡಿದ್ದಿರಬೇಕು. ಹೆದರಿ, ನನ್ನ ಕೈಯಿಂದ ಹಾಳೆ ಕಿತ್ತುಕೊಂಡು ಓಡಿ, ಅದನ್ನು ಅವರ ಮುಖದ ಮುಂದೆ ಹಿಡಿದಳು.

"ಎಲ್ಲಾ ಸರಿ ಇದೆ ತಾತ," ಎಂದಳು. "ನೋಡು."